ಲಟಕ್ ಅನ್ನದಿದ್ದರೂ ಬೆನ್ನು ಹಗುರಾಗುತ್ತದೆ

ಕೈರೋಪ್ರಾಕ್ಟಿಕ್, ಅಂದರೆ ಬೆನ್ನುಮೂಳೆ ಮತ್ತು ಕೀಲುಗಳಿಗೆ ಮುಖ್ಯವಾಗಿ ಕೈಯಿಂದಲೇ ಮಾಡುವ ಚಿಕಿತ್ಸೆ, ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಅದೇ ವಿಡಿಯೋ. ಕತ್ತು ಹಿಡಿದು ಸರಕ್ಕನೆ ತಿರುಗಿಸುತ್ತಾರೆ, ಲಟಲಟ ಸದ್ದು, ಮಲಗಿದವರ ಮುಖದಲ್ಲಿ ಗಾಬರಿಯೋ ಖುಷಿಯೋ ಗೊತ್ತಾಗದ ನಗು. ನನಗಂತೂ ಅದನ್ನು ನೋಡಿದರೇ ಕತ್ತು ಬಿಗಿಯುತ್ತದೆ. ಆದರೆ ಸದ್ದೇ ಇಲ್ಲದ ಮೆದು ವಿಧಾನಗಳೂ ಇದರಲ್ಲಿ ಬೇಕಾದಷ್ಟಿವೆ. ಅವುಗಳ ಬಗ್ಗೆ ಮಾತು ಕಡಿಮೆ. ವಿಡಿಯೋ ಮಾಡಿದರೆ ನೋಡೋಕೆ ಏನೂ ಇರಲ್ಲ, ಅದಕ್ಕೇ ಇರಬೇಕು.

ಆ ಲಟಕ್ ಸದ್ದು ಮೂಳೆ ಜಾಗಕ್ಕೆ ಕೂತ ಸದ್ದಲ್ಲ. ಕೀಲಿನೊಳಗೆ ಅಂಟಂಟಾದ ಒಂದು ದ್ರವ ಇರುತ್ತದೆ, ಕೀಲು ತಟ್ಟನೆ ಅಗಲಿದಾಗ ಒತ್ತಡ ಇಳಿದು ಅದರೊಳಗೆ ಗುಳ್ಳೆಯಂಥ ಟೊಳ್ಳು ಹುಟ್ಟುತ್ತದೆ. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಬೆರಳಿನ ನೆಟಿಗೆ ತೆಗೆಯುವುದನ್ನು ಎಂಆರ್‌ಐ ಒಳಗೇ ಸೆರೆಹಿಡಿದು ಇದನ್ನು ತೋರಿಸಿದರು. ಹಾಗಾಗಿ ಸದ್ದು ಬರಲಿಲ್ಲ ಅಂದರೆ ದುಡ್ಡು ದಂಡ ಅಂದುಕೊಳ್ಳಬೇಡಿ.

ನನಗೆ ತುಂಬಾ ಹಿಡಿಸಿದ್ದು ಫ್ಲೆಕ್ಷನ್-ಡಿಸ್ಟ್ರಾಕ್ಷನ್. ಮಧ್ಯದಲ್ಲಿ ಬಾಗುವ ಮೇಜು. ನೀವು ಬೋರಲು ಮಲಗುತ್ತೀರಿ, ಚಿಕಿತ್ಸೆ ಮಾಡುವವರು ಒಂದು ಅಂಗೈಯನ್ನು ಸೊಂಟದ ಮೂಳೆಯ ಮೇಲೆ ಊರಿ, ಇನ್ನೊಂದು ಕೈಯಲ್ಲಿ ನಿಮ್ಮ ಕಾಲಿರುವ ಕಡೆಯ ಮೇಜಿನ ಭಾಗವನ್ನು ನಿಧಾನಕ್ಕೆ ಕೆಳಗೆ ಬಾಗಿಸುತ್ತಾರೆ, ಮತ್ತೆ ಮೇಲೆ ತರುತ್ತಾರೆ, ಮತ್ತೆ ಕೆಳಗೆ, ಮಧ್ಯೆ ಮಧ್ಯೆ ಕಾಲಿಗೆ ಎಳೆತ ಬರ್ತಾ ಇದೆಯಾ ಅಂತ ಕೇಳುತ್ತಲೇ ಇರುತ್ತಾರೆ. ಕಿಕ್ಕಿರಿದ ಸೀಟಿನಲ್ಲಿ ಪಕ್ಕದವರು ಸ್ವಲ್ಪ ಸರಿದು ಕೂತಂತೆ ಅನಿಸುತ್ತದೆ. ಆಕ್ಟಿವೇಟರ್ ಅನ್ನುವುದು ಕೈಯಲ್ಲಿ ಹಿಡಿಯುವ ಸ್ಪ್ರಿಂಗ್ ಉಪಕರಣ, ಟಕ್ ಅಂತ ಚಿಕ್ಕದಾಗಿ ತಟ್ಟುತ್ತದೆ, ಅಷ್ಟೇ. ಇನ್ನೊಂದರಲ್ಲಿ ಸೊಂಟದ ಕೆಳಗೆ ಬೆಣೆಯಾಕಾರದ ದಿಂಬುಗಳನ್ನಿಟ್ಟು ಸುಮ್ನೆ ಮಲಗಿಸುತ್ತಾರೆ, ಉಳಿದ ಕೆಲಸ ನಿಮ್ಮ ತೂಕದ್ದು.

ಇಷ್ಟು ಹೊಗಳಿದ ಮೇಲೆ ಒಂದು ತಕರಾರು. 1895ರಲ್ಲಿ ಕೈರೋಪ್ರಾಕ್ಟಿಕ್ ಶುರು ಮಾಡಿದ ಡಿ.ಡಿ. ಪಾಮರ್, ಹೆಚ್ಚುಕಮ್ಮಿ ಎಲ್ಲ ಕಾಯಿಲೆಗೂ ಮೂಳೆ ಜಾರಿರುವುದೇ ಕಾರಣ ಅಂದಿದ್ದರು. ಬೆನ್ನು ಸರಿಮಾಡಿದರೆ ಆಸ್ತಮಾ ಹೋಗುತ್ತೆ ಅನ್ನುವವರು ಇವತ್ತಿಗೂ ಇದ್ದಾರೆ. ಅದನ್ನು ನಾನು ನಂಬುವುದಿಲ್ಲ. ಸೊಂಟನೋವಿನ ವಿಷಯ ಬೇರೆ. 2017ರಲ್ಲಿ ಅಮೆರಿಕದ ವೈದ್ಯರ ಸಂಘಟನೆ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್, ಮಾತ್ರೆಗೆ ಮೊದಲು ನೋಡಬಹುದಾದ ದಾರಿಗಳಲ್ಲಿ ವ್ಯಾಯಾಮದ ಜೊತೆ ಈ ಥರದ ಕೈಚಿಕಿತ್ಸೆಯನ್ನೂ ಸೇರಿಸಿತು. ಜೊತೆಗೆ ಅನ್ನುವುದು ಮುಖ್ಯ, ಅಲ್ವಾ? ವಯಸ್ಕರ ಡಿಸ್ಕ್‌ಗೆ, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆಗೆ, ನೇರ ರಕ್ತದ ಪೂರೈಕೆ ಇಲ್ಲವೆನ್ನುವಷ್ಟು ಕಡಿಮೆ, ಸುತ್ತಲಿಂದ ಜಿನುಗಿ ಬಂದದ್ದೇ ಅದಕ್ಕೆ ಆಹಾರ. ವಾರಕ್ಕೊಮ್ಮೆ ಯಾರೋ ನಮ್ಮನ್ನು ಅಲ್ಲಾಡಿಸಿದರೆ ಸಾಕಾಗಲ್ಲ, ನಾವೇ ಎದ್ದು ಓಡಾಡಬೇಕು.

ಇಡೀ ಮೈಯನ್ನು ನೋಡುವವರು ಯಾರು ಅಂತ ಬೇಗ ಗೊತ್ತಾಗಿಬಿಡುತ್ತದೆ. ಕತ್ತುನೋವು ಅಂತ ಹೋದರೆ ಅವರು ಮೊದಲು ಎದೆಯ ಹಿಂದಿನ ಭಾಗ ಎಷ್ಟು ತಿರುಗುತ್ತೆ ಅಂತ ನೋಡುತ್ತಾರೆ. ಅಲ್ಲಿನ 12 ಮೂಳೆಗಳು ಬಿಗಿದುಕೊಂಡಿದ್ದರೆ ತಿರುಗುವ ಕೆಲಸವೆಲ್ಲ ಕತ್ತಿನ ಮೇಲೆ ಬೀಳುತ್ತದೆ. ಒಂಟಿ ಕಾಲಲ್ಲಿ ನಿಲ್ಲಿಸುತ್ತಾರೆ, ಕೆಲಸ ಎಂಥದ್ದು, ಹೇಗೆ ಮಲಗ್ತೀರಿ ಅಂತ ಕೇಳುತ್ತಾರೆ.

ಕಾಲಲ್ಲಿ ಶಕ್ತಿ ಕುಂದುತ್ತಿದ್ದರೆ, ತೊಡೆ ಸಂದಿ ಮರಗಟ್ಟಿದ್ದರೆ, ಮೂತ್ರ ಹಿಡಿತಕ್ಕೆ ಸಿಗದಿದ್ದರೆ ಯಾವ ಮೆದು ವಿಧಾನವೂ ಬೇಡ, ನೇರ ಆಸ್ಪತ್ರೆಗೆ ಹೋಗಿ. ಮೂಳೆ ಟೊಳ್ಳಾಗುವ ತೊಂದರೆ (ಆಸ್ಟಿಯೋಪೊರೋಸಿಸ್) ಇದ್ದರೆ ಮುಟ್ಟಿಸಿಕೊಳ್ಳುವ ಮೊದಲೇ ಹೇಳಿ. ಕತ್ತನ್ನು ಜೋರಾಗಿ ತಿರುಗಿಸಿದಾಗ ಮಿದುಳಿಗೆ ಹೋಗುವ ರಕ್ತನಾಳ ಸೀಳಿರುವ ಪ್ರಕರಣಗಳಿವೆ, ಅಪರೂಪ, ಆದರೂ ಇವೆ. ಕತ್ತು ತಿರುಗಿಸೋದು ಬೇಡ ಅಂತ ಹೇಳೋಕೆ ಸಂಕೋಚ ಬೇಡ. ಕೆಲಸ ಗೊತ್ತಿರುವವರು ಬೇಜಾರು ಮಾಡಿಕೊಳ್ಳಲ್ಲ, ಅವರ ಹತ್ತಿರ ಬೇರೆ ದಾರಿ ಇರುತ್ತದೆ.