ಟರ್ನರ್ ಕಂಡ ಸರೋವರ, ಡೇನಿಯಲ್ ಕಂಡ ಕಡಲು: ಕಂಬ್ರಿಯಾಕ್ಕೆ ಹೊರಡುವವರಿಗೆ

ಇಂಗ್ಲೆಂಡಿನ ವಾಯವ್ಯ ಮೂಲೆಯಲ್ಲಿರುವ ಕಂಬ್ರಿಯಾದ ಸರೋವರಗಳ ಸೀಮೆಯನ್ನೂ ಅದರ ಪಶ್ಚಿಮದ ಕಡಲಂಚನ್ನೂ, ಹಳೆಯ ಚಿತ್ರಕಾರರು ಎಲ್ಲಿ ನಿಂತು ಬರೆದರೋ ಅಲ್ಲಿಯೇ ನಿಂತು ನೋಡಬೇಕೆಂಬ ಆಸೆಯಿಂದ ನಾನು ಮತ್ತು ನನ್ನ ಪತ್ನಿ ಕಳೆದ ಸೆಪ್ಟೆಂಬರಿನಲ್ಲಿ ಒಂಬತ್ತು ದಿನ ಅಲ್ಲಿ ಓಡಾಡಿ ಬಂದೆವು. ಲೇಕ್ ಡಿಸ್ಟ್ರಿಕ್ಟಿಗೆ ಹೋಗಿ ಬಂದ ಕನ್ನಡಿಗರು ಕಡಿಮೆಯಿಲ್ಲ. ವಿಂಡರ್‌ಮಿಯರ್ ಸರೋವರದಲ್ಲಿ ದೋಣಿ ಹತ್ತಿ, ವರ್ಡ್ಸ್‌ವರ್ತ್ ಮನೆಯ ಮುಂದೆ ಫೋಟೋ ತೆಗೆಸಿಕೊಂಡು, ಸಂಜೆಯೊಳಗೆ ಮ್ಯಾಂಚೆಸ್ಟರಿಗೆ ಮರಳುವುದು ಸಾಮಾನ್ಯ ಪದ್ಧತಿ. ಚಿತ್ರಗಳ ಜಾಡು ಹಿಡಿದು ಹೋಗುವವರಿಗೆ ಆ ಪದ್ಧತಿಯಿಂದ ಪ್ರಯೋಜನವಿಲ್ಲವಾದ್ದರಿಂದ, ನಾವು ಸರಿಯಾಗಿ ಮಾಡಿದ್ದನ್ನೂ ಎಡವಿದ್ದನ್ನೂ ಇಲ್ಲಿ ಬರೆದಿದ್ದೇನೆ.

ಮೊದಲು ತಿಳಿದಿರಬೇಕಾದ ಸಂಗತಿಯೆಂದರೆ, ಈ ಸೀಮೆಯ ಅತ್ಯಂತ ಪ್ರಸಿದ್ಧ ಚಿತ್ರಗಳು ಈ ಸೀಮೆಯಲ್ಲಿ ಇಲ್ಲ. 1797ರಲ್ಲಿ, ತನ್ನ 22ನೆಯ ವಯಸ್ಸಿನಲ್ಲಿ ಉತ್ತರ ಇಂಗ್ಲೆಂಡನ್ನು ಸುತ್ತಿದ ಭೂದೃಶ್ಯ ಚಿತ್ರಕಾರ ಟರ್ನರ್ ಮರುವರ್ಷ ರಾಯಲ್ ಅಕಾಡೆಮಿಯಲ್ಲಿ ಪ್ರದರ್ಶಿಸಿದ ಬಟರ್‌ಮಿಯರ್ ಸರೋವರದ ತೈಲಚಿತ್ರವೂ ಕಾನಿಸ್ಟನ್ ಬೆಟ್ಟಗಳ ಬೆಳಗಿನ ಚಿತ್ರವೂ ಲಂಡನ್ನಿನ ಟೇಟ್ ಗ್ಯಾಲರಿಯ ಸಂಗ್ರಹಕ್ಕೆ ಸೇರಿವೆ. ಆ ಪ್ರವಾಸದ ರೇಖಾಚಿತ್ರಗಳ ಪುಸ್ತಕವೂ ಅಲ್ಲಿಯೇ ಇದೆ. 1806ರ ಸೆಪ್ಟೆಂಬರ್ ಮತ್ತು ಅಕ್ಟೋಬರಿನಲ್ಲಿ ಇಲ್ಲಿಗೆ ಬಂದ ಚಿತ್ರಕಾರ ಕಾನ್‌ಸ್ಟಬಲ್‌ನ ಜಲವರ್ಣಗಳಲ್ಲಿ ಹಲವು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿವೆ. ಆದ್ದರಿಂದ ಲಂಡನ್ನಿನಲ್ಲಿ ಎರಡು ದಿನ ಇಟ್ಟುಕೊಳ್ಳುವುದು ಒಳ್ಳೆಯದು. ಜಲವರ್ಣಗಳು ಬೆಳಕಿಗೆ ಬಣ್ಣಗೆಡುವುದರಿಂದ ಅವನ್ನು ಗೋಡೆಯ ಮೇಲೆ ಬಹುಕಾಲ ತೂಗುಹಾಕುವುದಿಲ್ಲ. ಹೆಚ್ಚಿನವು ಪೆಟ್ಟಿಗೆಗಳಲ್ಲಿ, ಕತ್ತಲಲ್ಲಿ ಇರುತ್ತವೆ. ಅವನ್ನು ನೋಡಬಯಸುವವರು ಆಯಾ ಸಂಗ್ರಹಾಲಯದ ಅಧ್ಯಯನ ಕೊಠಡಿಗೆ ವಾರಗಟ್ಟಲೆ ಮುಂಚೆಯೇ ಬರೆದು ಸಮಯ ಗೊತ್ತುಮಾಡಿಕೊಳ್ಳಬೇಕು. ವಿದ್ವಾಂಸರಾಗಿರಬೇಕೆಂಬ ನಿರ್ಬಂಧವಿಲ್ಲ, ಗುರುತಿನ ಚೀಟಿ ಇರಲಿ, ಪೆನ್ನಿನ ಬದಲು ಪೆನ್ಸಿಲ್ ಒಯ್ಯಿರಿ.

ಅಲ್ಲಿಗೆ ಹೋಗಲಾಗದವರು ಟೇಟ್ ತನ್ನ ಜಾಲತಾಣದಲ್ಲಿ ಇಟ್ಟಿರುವ ಪುಟಗಳನ್ನಾದರೂ ನೋಡಿ, ಬೇಕಾದವನ್ನು ಮುದ್ರಿಸಿಕೊಳ್ಳಬೇಕು. ನಾವು ಅಂಗೈಯಗಲದ ಹದಿನೈದು ಮುದ್ರಿತ ಪ್ರತಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಒಯ್ದಿದ್ದೆವು. ಇಡೀ ಪ್ರವಾಸದಲ್ಲಿ ಅದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದ ವಸ್ತು ಕೊಡೆಯೂ ಅಲ್ಲ, ಏಕೆಂದರೆ ಅಲ್ಲಿನ ಗಾಳಿಗೆ ಕೊಡೆ ನಿಲ್ಲುವುದಿಲ್ಲ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಉಚಿತವಾಗಿ ಕೊಡುವ ಫೋಟೋಕ್ರೋಮ್ ಚಿತ್ರಗಳೂ ಅವುಗಳಲ್ಲಿ ಇದ್ದವು. 1890ರ ದಶಕದಲ್ಲಿ ಕಪ್ಪು-ಬಿಳುಪು ನೆಗೆಟಿವ್‌ನಿಂದ ಕಲ್ಲಚ್ಚು ಮಾಡಿ, ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು ಬಳಸಿ ಮುದ್ರಿಸಿದ ಈ ಚಿತ್ರಗಳಲ್ಲಿನ ನೀಲಿ-ಹಸಿರುಗಳು ಕ್ಯಾಮೆರಾ ಕಂಡದ್ದಲ್ಲ, ಮುದ್ರಣಾಲಯದವರು ಕಲ್ಪಿಸಿದ್ದು ಎಂಬುದು ನೆನಪಿರಲಿ.

ಎರಡನೆಯ ಮಾತು, ಸೀಮೆಯೊಳಗೆ ಯಾವ ಕಡೆಯಿಂದ ಪ್ರವೇಶಿಸಬೇಕೆಂಬುದು. ಎಲ್ಲರೂ ಆಕ್ಸನ್‌ಹೋಮ್‌ನಲ್ಲಿ ರೈಲು ಬದಲಿಸಿ, 1847ರಲ್ಲಿ ತೆರೆದ ಕವಲು ಮಾರ್ಗದಲ್ಲಿ ನೇರವಾಗಿ ವಿಂಡರ್‌ಮಿಯರಿಗೆ ಹೋಗುತ್ತಾರೆ. ನಾನು ಹೇಳುವುದು, ಲ್ಯಾಂಕಾಸ್ಟರಿನಲ್ಲಿ ಇಳಿದು ಬ್ಯಾರೋ ಕಡೆಯ ರೈಲು ಹತ್ತಿ ಎಂದು. ಈ ಮಾರ್ಗ 1857ರಲ್ಲಿ ಪೂರ್ಣವಾಗುವ ಮೊದಲು ಲ್ಯಾಂಕಾಸ್ಟರ್ ಕಡೆಯಿಂದ ಬರುವ ಪ್ರಯಾಣಿಕರು ಇಳಿತದ ಹೊತ್ತು ಕಾದು, ಮೋರ್‌ಕಂಬ್ ಕೊಲ್ಲಿಯ ಒದ್ದೆ ಮರಳಿನ ಮೇಲೆ ಕುದುರೆಗಾಡಿಯಲ್ಲಿ ದಾಟುತ್ತಿದ್ದರು. ಟರ್ನರ್ 1826ರ ಸುಮಾರಿಗೆ ಬರೆದ ಲ್ಯಾಂಕಾಸ್ಟರ್ ಮರಳಿನ ಜಲವರ್ಣ, ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವಂಥದು, ಆ ದಾಟುವಿಕೆಯನ್ನೇ ತೋರಿಸುತ್ತದೆ. ಆರ್ನ್‌ಸೈಡ್ ಬಳಿ ಸುಮಾರು ಅರ್ಧ ಕಿಲೋಮೀಟರ್ ಉದ್ದದ ತಗ್ಗು ಸೇತುವೆಯ ಮೇಲೆ ರೈಲು ಹಾಯುವಾಗ ಎರಡೂ ಕಿಟಕಿಗಳಲ್ಲಿ ನೀರು ಯಾವುದು, ಮರಳು ಯಾವುದು, ಆಕಾಶ ಯಾವುದು ಎಂದು ಗೊತ್ತಾಗದ ಒಂದೇ ಬೂದುಬಣ್ಣ ಹಬ್ಬಿರುತ್ತದೆ. ಚಿತ್ರದಲ್ಲಿ ಗೆರೆ ಅಷ್ಟು ಕಡಿಮೆ ಏಕೆಂಬುದು ಆಗ ತಿಳಿಯುತ್ತದೆ. ಆದರೆ ಮರಳು ಗಟ್ಟಿಯಾಗಿ ಕಂಡಿತೆಂದು ಯಾರೂ ತಾವಾಗಿ ಇಳಿಯಬಾರದು. ಹೂಳುಮರಳೂ ವೇಗವಾಗಿ ನುಗ್ಗುವ ಉಬ್ಬರವೂ ಸೇರಿ ಈ ಕೊಲ್ಲಿ ಅಪಾಯಕಾರಿಯಾಗಿದೆ; 2004ರ ಫೆಬ್ರವರಿಯಲ್ಲಿ ಚಿಪ್ಪು ಹೆಕ್ಕಲು ಇಳಿದ ಚೀನೀ ಕಾರ್ಮಿಕರು 20ಕ್ಕೂ ಹೆಚ್ಚು ಮಂದಿ ಇಲ್ಲಿಯೇ ಮುಳುಗಿ ಸತ್ತರು. ದಾಟಬೇಕೆನ್ನುವವರಿಗೆ ಅಧಿಕೃತ ಮಾರ್ಗದರ್ಶಿಯೊಂದಿಗೆ ಗುಂಪಾಗಿ ನಡೆಯುವ ವ್ಯವಸ್ಥೆಯಿದೆ. ದಿನಾಂಕಗಳು ಉಬ್ಬರವಿಳಿತಕ್ಕೆ ತಕ್ಕಂತೆ ನಿಗದಿಯಾಗುತ್ತವೆ.

ಕೆಂಡಲ್ ಪಟ್ಟಣದ ಆಬಟ್ ಹಾಲ್ ಗ್ಯಾಲರಿಗೆ ಅರ್ಧ ದಿನ ಕೊಡಿ. 1759ರ ಈ ಮನೆಯಲ್ಲಿ, ಇದೇ ಸೀಮೆಯ ಡಾಲ್ಟನ್‌ನಲ್ಲಿ 1734ರಲ್ಲಿ ಹುಟ್ಟಿ ಲಂಡನ್ನಿನಲ್ಲಿ ಹೆಸರು ಮಾಡಿ ಕೊನೆಗೆ ಕೆಂಡಲ್ಲಿಗೇ ಬಂದು ತೀರಿಕೊಂಡ ಜಾರ್ಜ್ ರಾಮ್ನಿಯ ಚಿತ್ರಗಳಿವೆ. ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಮಾತ್ರ ಲೇಡಿ ಆ್ಯನ್ ಕ್ಲಿಫರ್ಡ್ 1646ರಲ್ಲಿ ಬರೆಸಿದ ಮೂರು ಫಲಕಗಳ ಬೃಹತ್ ಚಿತ್ರ. ಎಡಗಡೆ ಹದಿನೈದರ ಹುಡುಗಿಯಾಗಿ ಆಕೆ, ಬಲಗಡೆ ಮಧ್ಯವಯಸ್ಸು ದಾಟಿದ ಆಕೆಯೇ, ನಡುವೆ ತಂದೆತಾಯಿ ಮತ್ತು ಅಣ್ಣಂದಿರು. ತಂದೆಯ ಆಸ್ತಿಗಾಗಿ ದಶಕಗಳ ಕಾಲ ವ್ಯಾಜ್ಯವಾಡಿ ಕೊನೆಗೆ ಪಡೆದವಳ ಹಕ್ಕುಪತ್ರದಂತೆ ಈ ಚಿತ್ರವಿದೆ. ಇದರಲ್ಲಿ ಬೆಟ್ಟವೂ ಇಲ್ಲ, ಸರೋವರವೂ ಇಲ್ಲ. ಈ ಭೂಮಿಯನ್ನು ನೋಡಿ ಆನಂದಿಸಬಹುದೆಂದು ಹೊರಗಿನವರಿಗೆ ತೋಚುವುದಕ್ಕೆ ಅದಾದ ಮೇಲೂ ನೂರು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು.

ಹಾಗೆ ನೋಡುವುದನ್ನು ಕಲಿಸಿದವರಲ್ಲಿ ಮುಖ್ಯನಾದವನು 1778ರಲ್ಲಿ ಸರೋವರಗಳ ಮಾರ್ಗದರ್ಶಿ ಬರೆದ ಥಾಮಸ್ ವೆಸ್ಟ್. ಯಾವ ಬಂಡೆಯ ಬಳಿ, ಯಾವ ದಿಕ್ಕಿಗೆ ಮುಖಮಾಡಿ ನಿಂತರೆ ದೃಶ್ಯ ಚಿತ್ರದಂತೆ ಕೂಡಿಬರುತ್ತದೆ ಎಂಬುದನ್ನು ಆತ ‘ಸ್ಟೇಷನ್’ಗಳೆಂದು ಗೊತ್ತುಮಾಡಿದ. ವಿಂಡರ್‌ಮಿಯರಿನ ಪಶ್ಚಿಮ ದಡದಲ್ಲಿ, ಅಂಥ ಒಂದು ನೆಲೆಯಲ್ಲಿ 1790ರ ದಶಕದಲ್ಲಿ ಕಟ್ಟಿದ ಕ್ಲೈಫ್ ಸ್ಟೇಷನ್ ಎಂಬ ವೀಕ್ಷಣಾಗೃಹದ ಅವಶೇಷ ಈಗಲೂ ಇದೆ. ಬೌನೆಸ್ ಕಡೆಯಿಂದ ಕಾರುಗಳನ್ನೂ ದಾಟಿಸುವ ಫೆರಿಯಲ್ಲಿ ಆಚೆ ದಡಕ್ಕೆ ಹೋಗಿ ಸ್ವಲ್ಪ ದೂರ ಏರಿದರೆ ಸಿಗುತ್ತದೆ. ಅದರ ಕಿಟಕಿಗಳಿಗೆ ಬಣ್ಣದ ಗಾಜು ಹಾಕಿದ್ದರು: ಹಳದಿಯ ಮೂಲಕ ನೋಡಿದರೆ ಬೇಸಿಗೆ, ಕಿತ್ತಳೆಯ ಮೂಲಕ ಶರತ್ಕಾಲ, ಕಡುನೀಲಿಯ ಮೂಲಕ ಬೆಳದಿಂಗಳು. ಈಗ ಹಳೆಯ ತಾಣಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್‌ನವರು ಹೊಸದಾಗಿ ಬಣ್ಣದ ಗಾಜುಗಳನ್ನು ಇರಿಸಿದ್ದಾರೆ. ಮಧ್ಯಾಹ್ನ ಎರಡು ಗಂಟೆಯ ಮಂಕು ಬೆಳಕಿನಲ್ಲಿ ನಾನು ಕಿತ್ತಳೆ ಗಾಜಿಗೆ ಮುಖವಿಟ್ಟು ನೋಡಿದಾಗ ಎದುರು ದಡದ ಹಸಿರು ಮರಗಳೆಲ್ಲ ಒಮ್ಮೆಲೇ ಹಣ್ಣೆಲೆಯಾದವು. ಫೋನಿನಲ್ಲಿ ಫೋಟೋಗಳಿಗೆ ಫಿಲ್ಟರ್ ಹಾಕುವ ನಮ್ಮ ಮಕ್ಕಳನ್ನು ಇನ್ನು ಗೇಲಿ ಮಾಡಬಾರದೆಂದು ಪತ್ನಿ ಅಂದಳು.

ಆ ಕಾಲದ ಪ್ರವಾಸಿಗಳು ಜೇಬಿನಲ್ಲಿ ಕ್ಲಾಡ್ ಗಾಜು ಎಂಬ ಉಬ್ಬುಮೈಯ ಕಪ್ಪು ಕನ್ನಡಿಯನ್ನೂ ಇಟ್ಟುಕೊಂಡಿರುತ್ತಿದ್ದರು. ದೃಶ್ಯಕ್ಕೆ ಬೆನ್ನು ತಿರುಗಿಸಿ, ಕನ್ನಡಿಯಲ್ಲಿ ಅದರ ಪ್ರತಿಬಿಂಬವನ್ನು ನೋಡುವುದು ಕ್ರಮ. 1769ರಲ್ಲಿ ಬಂದ ಕವಿ ಥಾಮಸ್ ಗ್ರೇ ಹೀಗೆ ಗಾಜನ್ನು ಕೈಯಲ್ಲಿ ಹಿಡಿದೇ ಕೆಸರಿನ ದಾರಿಯಲ್ಲಿ ಅಂಗಾತ ಬಿದ್ದು ಬೆರಳ ಗೆಣ್ಣು ತರಚಿಕೊಂಡದ್ದನ್ನು ತಾನೇ ಬರೆದಿಟ್ಟಿದ್ದಾನೆ. ಅಂಥ ಗಾಜನ್ನು ಕೊಳ್ಳುವ ಅಗತ್ಯವಿಲ್ಲ. ಫೋನಿನ ಪರದೆಯನ್ನು ಆರಿಸಿ, ಚೆನ್ನಾಗಿ ಒರೆಸಿ, ಭುಜದ ಎತ್ತರಕ್ಕೆ ಹಿಡಿದು ಬೆನ್ನ ಹಿಂದಿನ ಸರೋವರವನ್ನು ಅದರಲ್ಲಿ ನೋಡಿ. ಉಬ್ಬಿಲ್ಲದ್ದರಿಂದ ದೃಶ್ಯ ಕುಗ್ಗಿ ಕೂಡಿಬರುವುದಿಲ್ಲವಾದರೂ, ಆಕಾಶದ ಕಣ್ಣುಕುಕ್ಕುವ ಬಿಳುಪು ಇಳಿದು, ಮೋಡದ ಪದರಗಳು ಬಿಡಿಸಿಕೊಂಡು, ಬೆಟ್ಟಗಳು ಒಂದೇ ಕಂದುಬಣ್ಣದ ಏರಿಳಿತಗಳಾಗಿ ಹಳೆಯ ಚಿತ್ರಗಳಂತೆಯೇ ಕಾಣುತ್ತವೆ. ಹಿಂದೆ ನೋಡಿಕೊಂಡು ನಿಲ್ಲಿ. ಗ್ರೇ ಬಿದ್ದದ್ದು ಸುಮ್ಮನಲ್ಲ.

ಆಂಬಲ್‌ಸೈಡ್‌ನ ಆರ್ಮಿಟ್ ಸಂಗ್ರಹಾಲಯ ಚಿಕ್ಕದು, ಬಿಡಬಾರದ್ದು. ಬಿಯಾಟ್ರಿಕ್ಸ್ ಪಾಟರ್ ಬರೆದ ಅಣಬೆಗಳ ಜಲವರ್ಣಗಳು ಅಲ್ಲಿವೆ. ನಾಜಿಗಳಿಂದ ತಪ್ಪಿಸಿಕೊಂಡು ಬಂದು 1945ರಿಂದ 1948ರಲ್ಲಿ ತೀರಿಕೊಳ್ಳುವವರೆಗೆ ಇದೇ ಊರಿನಲ್ಲಿದ್ದ ಜರ್ಮನ್ ಕಲಾವಿದ ಕುರ್ಟ್ ಶ್ವಿಟ್ಟರ್ಸ್‌ನ ಕೃತಿಗಳೂ ಇವೆ. ಎಲ್ಟರ್‌ವಾಟರ್ ಬಳಿಯ ಕೊಟ್ಟಿಗೆಯೊಂದರ ಗೋಡೆಯ ಮೇಲೆ ಆತ ಆರಂಭಿಸಿದ ಕೃತಿಯನ್ನು ಗೋಡೆಸಮೇತ ನ್ಯೂಕಾಸಲ್‌ಗೆ ಒಯ್ದಿದ್ದಾರೆ. ಗ್ರಾಸ್‌ಮಿಯರ್ ಬಗ್ಗೆ ಎಲ್ಲರೂ ಬರೆದಿರುವುದರಿಂದ ನಾನು ಬರೆಯುವುದಿಲ್ಲ. ಹೀಟನ್ ಕೂಪರ್ ಮನೆತನದ ಸ್ಟುಡಿಯೋ ಅಲ್ಲಿದೆಯೆಂದಷ್ಟೇ ನೆನಪಿಸುತ್ತೇನೆ.

ಕಾನಿಸ್ಟನ್‌ಗೆ 505ನೆಯ ಬಸ್ಸು ಹೋಗುತ್ತದೆ. ಟರ್ನರನ ಪರವಾಗಿ ಬದುಕಿಡೀ ವಾದಿಸಿದ ಕಲಾವಿಮರ್ಶಕ ಜಾನ್ ರಸ್ಕಿನ್ 1871ರಲ್ಲಿ ನೋಡದೆಯೇ ಕೊಂಡ ಬ್ರಾಂಟ್‌ವುಡ್ ಮನೆ ಸರೋವರದ ಆಚೆ ದಡದಲ್ಲಿದೆ. ಊರಿನ ಕಟ್ಟೆಯಿಂದ ದೋಣಿಯಲ್ಲಿ ಹೋಗುವುದೇ ಚೆಂದ. ಜೋಹಾನ್ಸ್‌ಬರ್ಗ್‌ನಿಂದ ಡರ್ಬನ್‌ಗೆ ಹೋಗುವ ರೈಲಿನಲ್ಲಿ 1904ರಲ್ಲಿ ಗಾಂಧೀಜಿ ಓದಿ, ಮುಂದೆ ಸರ್ವೋದಯ ಎಂಬ ಹೆಸರಿನಲ್ಲಿ ಗುಜರಾತಿ ಭಾಷೆಗೆ ತಂದ ಪುಸ್ತಕದ ಕರ್ತೃ ಇದೇ ರಸ್ಕಿನ್. ಸರ್ವೋದಯ ಎಂಬ ಮಾತನ್ನು ಕೇಳಿಯೇ ಬೆಳೆದ ನಮಗೆ ಆ ಮನೆಯ ಮೆಟ್ಟಿಲು ಹತ್ತುವಾಗ ಹಳೆಯ ಪರಿಚಯದ ಭಾವವಿತ್ತು. ಆತನ ಮಲಗುವ ಕೋಣೆಯ ಗೋಡೆಯಲ್ಲಿ ಟರ್ನರನ ಜಲವರ್ಣಗಳು ತೂಗುತ್ತಿದ್ದವು. ಈಗ ಅಲ್ಲಿರುವುದು ಪ್ರತಿಗಳು. ಆದರೆ ಅದೇ ಕೋಣೆಯ ಮೂಲೆಗೆ ಆತ ಕಟ್ಟಿಸಿದ ಪುಟ್ಟ ಗೋಪುರದ ಕಿಟಕಿಗಳಿಂದ ಕಾಣುವ ಸರೋವರಕ್ಕೆ ಪ್ರತಿಯಿಲ್ಲ. ಊರಿನೊಳಗಿನ ರಸ್ಕಿನ್ ಮ್ಯೂಸಿಯಂ ಮತ್ತು ಚರ್ಚಿನ ಅಂಗಳದ ಸಮಾಧಿಯನ್ನೂ ಸೇರಿಸಿದರೆ ಒಂದು ದಿನ ಸರಿಹೋಗುತ್ತದೆ.

ಕೆಸ್ವಿಕ್‌ನಲ್ಲಿ ಮೂರು ರಾತ್ರಿ ತಂಗಿ. 555ನೆಯ ಬಸ್ಸು ಕೆಂಡಲ್‌ನಿಂದ ವಿಂಡರ್‌ಮಿಯರ್, ಗ್ರಾಸ್‌ಮಿಯರ್ ಹಾಯ್ದು ಅಲ್ಲಿಗೇ ಬರುತ್ತದೆ. ಅಲ್ಲಿಂದ 78ನೆಯ ಬಸ್ಸು ಬಾರೋಡೇಲ್ ಕಣಿವೆಯೊಳಕ್ಕೆ ಹೋಗುತ್ತದೆ. ಕಾನ್‌ಸ್ಟಬಲ್ ಹೆಚ್ಚು ಕೆಲಸ ಮಾಡಿದ್ದು ಈ ಕಣಿವೆಯಲ್ಲಿ. ಚಿತ್ರಗಳ ಬೆನ್ನಿಗೆ ದಿನಾಂಕ, ಹೊತ್ತು, ಹವೆ ಹೇಗಿತ್ತೆಂಬುದನ್ನು ಬರೆದಿಡುತ್ತಿದ್ದನಾದ್ದರಿಂದ, ಅವುಗಳಲ್ಲಿ ಒಂದನ್ನು ಹಿಡಿದು ಅದೇ ತಿಂಗಳು, ಅದೇ ಹೊತ್ತಿಗೆ ಅಲ್ಲಿ ನಿಲ್ಲುವುದು ಸಾಧ್ಯ. ನಾವು ಸೆಪ್ಟೆಂಬರನ್ನು ಆರಿಸಿದ್ದು ಇದಕ್ಕಾಗಿಯೇ. ಬೆಟ್ಟಗಳ ಒಂಟಿತನ ಮನಸ್ಸಿಗೆ ಭಾರವೆನಿಸಿತೆಂದು ಆತ ಆಮೇಲೆ ಹೇಳಿಕೊಂಡ, ಮತ್ತೆ ಇತ್ತ ಬರಲಿಲ್ಲ. ಕಣಿವೆಯ ತುದಿಯ ಸೀತ್‌ವೇಟ್ ಇಂಗ್ಲೆಂಡಿನಲ್ಲಿ ಜನವಸತಿಯಿರುವ ಊರುಗಳಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗ. ಅದರ ಮೇಲಿನ ಬೆಟ್ಟದಲ್ಲಿ 16ನೆಯ ಶತಮಾನದಲ್ಲಿ ಸಿಕ್ಕ ಶುದ್ಧ ಗ್ರಾಫೈಟಿನಿಂದಲೇ ಕೆಸ್ವಿಕ್ಕಿನ ಪೆನ್ಸಿಲ್ ಕಸುಬು ಬೆಳೆಯಿತು. ಈ ಬೆಟ್ಟಗಳ ಗೆರೆ ಎಳೆಯಲು ಬೇಕಾದ ಕಪ್ಪು ಈ ಬೆಟ್ಟಗಳ ಹೊಟ್ಟೆಯೊಳಗೇ ಇತ್ತು ಎಂಬುದನ್ನು ಪೆನ್ಸಿಲ್ ಮ್ಯೂಸಿಯಮ್ಮಿನಲ್ಲಿ ನೋಡಿ ತಿಳಿಯಬಹುದು. ಹೆಗಲ ಮೇಲೆ ಭಾರವಾದ ಪ್ಲೇಟ್ ಕ್ಯಾಮೆರಾ ಹೊತ್ತು ಬಂಡೆ ಹತ್ತಿದ ಏಬ್ರಹಾಂ ಸಹೋದರರೂ ಕೆಸ್ವಿಕ್ಕಿನವರೇ. ಅವರ ಫೋಟೋಗಳಲ್ಲಿ ಟ್ವೀಡ್ ಕೋಟು ತೊಟ್ಟು ಬರಿಯ ಹಗ್ಗವನ್ನು ನಂಬಿ ನೇತಾಡುವವರನ್ನು ಕಂಡರೆ ಕೈ ಬೆವರುತ್ತದೆ.

ಬಟರ್‌ಮಿಯರಿಗೆ ಹೋಗುವ ಬಸ್ಸು ಋತುವಿಗೆ ತಕ್ಕಂತೆ ಓಡುತ್ತದೆ, ಸಂಖ್ಯೆಯೂ ಕಡಿಮೆ. ನಾನು ವೇಳಾಪಟ್ಟಿಯಲ್ಲಿ ವಾರಾಂತ್ಯದ ಸಾಲನ್ನು ವಾರದ ದಿನದ್ದೆಂದು ಓದಿ, ಕೊನೆಯ ಬಸ್ಸು ಹೋದ ಇಪ್ಪತ್ತು ನಿಮಿಷಕ್ಕೆ ನಿಲ್ದಾಣಕ್ಕೆ ಬಂದೆ. ಫೋನಿಗೆ ಸಿಗ್ನಲ್ ಇರಲಿಲ್ಲ, ಹತ್ತಿರದ ಹೋಟೆಲಿನವರ ದೂರವಾಣಿಯಿಂದ ಟ್ಯಾಕ್ಸಿ ಕರೆಸಿ, ಎರಡು ದಿನದ ಊಟದ ಹಣ ತೆತ್ತು ಮರಳಬೇಕಾಯಿತು. ಟರ್ನರನ ಚಿತ್ರದ ನೋಟ ಬೇಕೆಂದರೆ ಊರಿನ ಬಳಿಯಲ್ಲೇ ನಿಲ್ಲದೆ, ಸರೋವರದ ಮೇಲ್ತುದಿಯ ಗೇಟ್ಸ್‌ಗಾರ್ತ್ ಕಡೆಗೆ ನಡೆದು ಪಕ್ಕದ ಸರೋವರವಾದ ಕ್ರಮಕ್ ವಾಟರ್‌ನತ್ತ ತಿರುಗಬೇಕು. ಮುದ್ರಿತ ಪ್ರತಿಯನ್ನು ಎತ್ತಿ ಹಿಡಿದು ಹೋಲಿಸಿದೆವು: ಆತ ಬೆಟ್ಟಗಳನ್ನು ಎತ್ತರಿಸಿದ್ದಾನೆ, ಕಣಿವೆಯನ್ನು ಬಿಗಿಮಾಡಿದ್ದಾನೆ. ಇಂಗ್ಲೆಂಡಿನ ಅತಿ ಎತ್ತರದ ಶಿಖರವಾದ ಸ್ಕಾಫೆಲ್ ಪೈಕ್ ಕೂಡ 978 ಮೀಟರ್ ಮಾತ್ರ. ಚಿತ್ರ ನೋಡಿದವರಿಗೆ ಹಾಗೆನಿಸುವುದಿಲ್ಲ. ಅಷ್ಟರಲ್ಲಿ ತುಂತುರು ಬಂತು, ನಮ್ಮ ಹಿಂದಿನ ಬೆಟ್ಟ ಮಾಯವಾಯಿತು, ಸರೋವರದ ಆ ತುದಿಯಲ್ಲಿ ಮಾತ್ರ ಬೆಳಕಿನ ಒಂದು ಪಟ್ಟಿ ಉಳಿಯಿತು. ಚಿತ್ರದಲ್ಲಿರುವ ಕಾಮನಬಿಲ್ಲು ಮಾತ್ರ ಮೂಡಲಿಲ್ಲ. ಆದರೂ ಚಿತ್ರದ ಮುಕ್ಕಾಲು ಭಾಗ ಏಕೆ ಅಷ್ಟು ಕಪ್ಪಾಗಿದೆ ಎಂಬ ನನ್ನ ಲಂಡನ್ನಿನ ಪ್ರಶ್ನೆಗೆ ಉತ್ತರ ಸಿಕ್ಕಿತು. ಬಸ್ಸು ತಪ್ಪಿದ್ದೂ ಆ ಉತ್ತರದ ಮುಂದೆ ನಿಂತಿದ್ದರಿಂದಲೇ ಎಂದು ಪತ್ನಿಗೆ ಹೇಳಿ ನೋಡಿದೆ, ಆಕೆ ಒಪ್ಪಲಿಲ್ಲ.

ಕೊನೆಯ ಎರಡು ದಿನ ಕಡಲಿಗೆ ಮೀಸಲಿರಲಿ. ಕೆಸ್ವಿಕ್‌ನಿಂದ ಬಸ್ಸಿನಲ್ಲಿ ವರ್ಕಿಂಗ್ಟನ್‌ಗೆ ಹೋಗಿ, ಅಲ್ಲಿಂದ ದಡಕ್ಕೆ ಅಂಟಿಕೊಂಡೇ ಓಡುವ ರೈಲಿನಲ್ಲಿ ವೈಟ್‌ಹೇವನ್‌ಗೆ ಬರಬಹುದು. ಕಲ್ಲಿದ್ದಲಿನ ವ್ಯಾಪಾರದಿಂದ ಬೆಳೆದ, ಲೌದರ್ ಮನೆತನ ಗೆರೆ ಎಳೆದಂತೆ ಕಟ್ಟಿಸಿದ ಈ ಬಂದರನ್ನು 18ನೆಯ ಶತಮಾನದಲ್ಲಿ ಮಥಾಯಸ್ ರೀಡ್ ಹಕ್ಕಿನೋಟದಲ್ಲಿ ಬರೆದ. ವಿಲಿಯಂ ಡೇನಿಯಲ್ ಬ್ರಿಟನ್ನಿನ ಕರಾವಳಿಯನ್ನು ಸುತ್ತಿ 1814ರಿಂದ 1825ರವರೆಗೆ ಪ್ರಕಟಿಸಿದ, ಲೋಹದ ಫಲಕದಿಂದ ಜಲವರ್ಣದಂತೆ ಅಚ್ಚು ಹಾಕಿದ 308 ಅಕ್ವಾಟಿಂಟ್‌ಗಳಲ್ಲಿ ವೈಟ್‌ಹೇವನ್ನೂ ಮೇರಿಪೋರ್ಟೂ ಇವೆ. ಈ ಡೇನಿಯಲ್ ನಮಗೆ ಹೊಸಬನಲ್ಲ. ಚಿಕ್ಕಪ್ಪ ಥಾಮಸ್ ಜೊತೆ ಹದಿಹರೆಯದಲ್ಲೇ ಭಾರತಕ್ಕೆ ಬಂದು, 1792ರಲ್ಲಿ ದಕ್ಷಿಣ ಭಾರತದ ದುರ್ಗಗಳನ್ನೂ ದೇವಾಲಯಗಳನ್ನೂ ಬರೆದವನು ಆತನೇ. ಅವರ ಚಿತ್ರಗಳ ಪ್ರತಿಗಳನ್ನು ನಮ್ಮ ಕಡೆಯ ಹಳೆಯ ಹೋಟೆಲುಗಳ ಗೋಡೆಗಳಲ್ಲಿ ಈಗಲೂ ಕಾಣಬಹುದು. ಸರೋವರಗಳ ಚಿತ್ರಕಾರರು ಬೇಡವೆಂದು ಬಿಟ್ಟ ಹಡಗು, ಹೊಗೆ, ಕಟ್ಟೆ, ಕೂಲಿಯವರು ಎಲ್ಲವೂ ಡೇನಿಯಲ್‌ಗೆ ಬೇಕು. ಒಂದು ವಾರ ಬರಿಯ ಬೆಟ್ಟ-ನೀರು ನೋಡಿದ ಕಣ್ಣಿಗೆ ಈ ಬಂದರು ದೊಡ್ಡ ಬಿಡುಗಡೆಯಾಗಿತ್ತು. ಬಂದರಿನ ಅಂಚಿನಲ್ಲಿರುವ ಬೀಕನ್ ಮ್ಯೂಸಿಯಂ ಊರಿನ ಕಥೆಯನ್ನು ಚೆನ್ನಾಗಿ ಹೇಳುತ್ತದೆ.

ವೈಟ್‌ಹೇವನ್ನಿನ ಮುಂದಿನ ಸೇಂಟ್ ಬೀಸ್‌ನಲ್ಲಿ ಇಳಿಯಿರಿ. ಪ್ರಯರಿ ಚರ್ಚಿನ ಪಶ್ಚಿಮ ಬಾಗಿಲಲ್ಲಿ 12ನೆಯ ಶತಮಾನದ ಕೆತ್ತನೆಯಿದೆ; ಕಡಲ ಉಪ್ಪುಗಾಳಿಗೆ ಸವೆದ ಕೆಂಪು ಮರಳುಗಲ್ಲಿನಲ್ಲಿ ಮುಖಗಳು ಸಂಜೆಯ ಓರೆಬಿಸಿಲಿಗೆ ಮಾತ್ರ ಎದ್ದು ಕಾಣುವುದರಿಂದ, ಬೆಳಿಗ್ಗೆ ಬಂಡೆಯಂಚಿನ ದಾರಿಯಲ್ಲಿ ನಡೆದು, ಚರ್ಚನ್ನು ಕೊನೆಗೆ ಇಟ್ಟುಕೊಳ್ಳಿ. ಅಲ್ಲಿಂದ ರೈಲು ನಿಲ್ದಾಣ ಕೆಲವೇ ನಿಮಿಷದ ದಾರಿ. ಬ್ಯಾರೋ ಕಡೆಗೆ ಹೋಗುವ ರೈಲಿನಲ್ಲಿ ಬಲಗಡೆಯ ಕಿಟಕಿಯನ್ನೇ ಹಿಡಿಯಿರಿ, ಕಡಲು ಇರುವುದು ಆ ಬದಿಗೆ.