ಓಸಿಡಿ ಇರೋರೆಲ್ಲ ಒಂದ್ಕಡೆ ಸೇರಿದ್ರೆ ಕಾಯಿಲೆ ಜಾಸ್ತಿ ಆಗಲ್ವಾ?

ನಂಗೆ ಓಸಿಡಿ ಇದೆ (ಬೇಡದ ಯೋಚನೆ ಮತ್ತೆ ಮತ್ತೆ ಬಂದು, ಅದನ್ನ ತಣ್ಣಗಾಗಿಸೋಕೆ ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸೋ ಮನಸ್ಸಿನ ಕಾಯಿಲೆ), ಭಾನುವಾರ ನಮ್ಮಂಥೋರದ್ದೇ ಒಂದು ಸಣ್ಣ ಗುಂಪು ಸೇರುತ್ತೆ ಅಂತ ಗೊತ್ತಾದ ಕೂಡ್ಲೇ ನೆಂಟರಿಂದ ಹಿಡಿದು ಆಫೀಸಿನೋರವರೆಗೂ ಎಲ್ಲರೂ ಕೇಳೋದು ಇದನ್ನೇ. ಡಾಕ್ಟರ್ ಇದಾರೆ, ಮಾತ್ರೆ ಇದೆ, ಮತ್ತೆ ಇದೇನು, ಒಬ್ಬರ ತಲೇಲಿರೋ ಭಯ ಇನ್ನೊಬ್ಬರಿಗೆ ಹತ್ಕೊಳಲ್ವಾ ಅಂತ. ದಡ್ಡ ಪ್ರಶ್ನೆ ಏನಲ್ಲ, ಅರ್ಧ ನಿಜಾನೂ ಇದೆ ಅದ್ರಲ್ಲಿ.

ಮೊದಲು ಹತ್ಕೊಳೋ ವಿಷಯ. ಕೆಟ್ಟ ಯೋಚನೆ ಬರೋದು ನಮಗೆ ಮಾತ್ರ ಅಲ್ಲ. 1978ರಲ್ಲೇ ರಾಕ್ಮನ್ ಮತ್ತೆ ಡಿ ಸಿಲ್ವಾ ಅನ್ನೋ ಸೈಕಾಲಜಿಸ್ಟ್‌ಗಳು ಯಾವ ಕಾಯಿಲೇನೂ ಇಲ್ಲದ ಜನರನ್ನ ಕೇಳಿ ನೋಡಿದ್ರು, ಬಹುಪಾಲು ಜನ ಹೌದು ನಮಗೂ ಬರುತ್ತೆ ಅಂದ್ರು. ಈರುಳ್ಳಿ ಹೆಚ್ತಾ ಇರ್ತೀರ, ಪಕ್ಕದಲ್ಲಿ ಮಗು ಆಡ್ತಿರುತ್ತೆ, ಇದೇ ಚಾಕು ಮಗೂಗೆ ಚುಚ್ಚಿಬಿಟ್ರೆ ಅಂತ ಒಂದು ಕ್ಷಣ ತಲೇಲಿ ಬಂದು ಹೋಗುತ್ತೆ, ಥೂ ಏನಿದು ಅಂದ್ಕೊಂಡು ಒಗ್ಗರಣೆ ಹಾಕೋಕೆ ಹೋಗ್ತೀರ. ನಮಗೆ ಅದು ಹೋಗಲ್ಲ. ಯಾಕೆ ಬಂತು, ನಾನೇನು ರಾಕ್ಷಸಿನಾ ಅಂತ ಶುರುವಾಗಿ ಚಾಕು ಎಲ್ಲಾ ಅಟ್ಟ ಸೇರುತ್ತೆ, ಮಗೂನ ಎತ್ಕೊಳೋದೇ ಬಿಟ್ಬಿಡ್ತೀವಿ. ಚೆಕ್ ಮಾಡಿದ್ರೆ, ತೊಳೆದ್ರೆ, ಯಾರನ್ನಾದ್ರೂ ಕೇಳಿದ್ರೆ ಎರಡು ನಿಮಿಷ ನಿರಾಳ, ಆ ನಿರಾಳಾನೇ ಮುಂದಿನ ಸಲಕ್ಕೆ ಮತ್ತೆ ಅದನ್ನೇ ಮಾಡ್ಸುತ್ತೆ. ಅರ್ಥ ಇಲ್ಲದ್ದು ಅಂತ ಮಾಡೋವಾಗ್ಲೇ ಗೊತ್ತಿರುತ್ತೆ ಬಹಳಷ್ಟು ಜನಕ್ಕೆ, ಆದ್ರೂ ಕೈ ನಿಲ್ಲಲ್ಲ.

ಕೈ ತೊಳೆಯೋದು ಎಲ್ಲರಿಗೂ ಗೊತ್ತು. ದೀಪ ಹಚ್ಚೋವಾಗ ದೇವರ ಬಗ್ಗೇನೇ ಬಾಯಲ್ಲಿ ಹೇಳಬಾರದ ಮಾತು ತಲೇಗೆ ಬರೋದು, ಅದಕ್ಕೆ ಮತ್ತೆ ಸ್ನಾನ ಮಾಡಿ ಮೊದಲಿಂದ ಪೂಜೆ ಮಾಡೋದು, ಇದು ಯಾರಿಗೂ ಗೊತ್ತಿರಲ್ಲ. (ಮಡಿ ಅಂದ್ರೇನೇ ಕಾಯಿಲೆ ಅಂತ ಹೇಳ್ತಿಲ್ಲ, ಆದ್ರೆ ನಮ್ಮಜ್ಜಿದು ಭಾರಿ ಮಡಿ ಅಂತ ಹೆಮ್ಮೆಯಿಂದ ಹೇಳ್ಕೊಂಡ ಮನೆಗಳಲ್ಲಿ ಎಷ್ಟು ಅಜ್ಜಿಯಂದಿರು ಒಳಗೊಳಗೇ ನರಳಿದ್ರೋ.) ಇಂಥದ್ದನ್ನ ಗಂಡನಿಗೂ ಹೇಳೋಕಾಗಲ್ಲ, ಗುಂಪಲ್ಲಿ ಹೇಳಿದ್ರೆ ಎದುರುಗಡೆಯೋರು "ಓ ನಿಮಗೆ ಯಾವ ದೇವರದ್ದು?" ಅಂತಾರೆ ಅಷ್ಟೇ, ನಗು ಬಂದ್ಬಿಡುತ್ತೆ.

ಈಗ ನಿಜ ಇರೋ ಆ ಅರ್ಧ. ಗುಂಪಲ್ಲಿ ಅಪಾಯ ಇದೆ, ಭಯ ಅಂಟೋದಲ್ಲ, ಸಮಾಧಾನ ಹಂಚೋದು. ನಮ್ಮಲ್ಲಿ ಒಬ್ಬ ಹುಡುಗ ಇದಾನೆ, ಬೈಕ್ ಹಂಪ್ ಮೇಲೆ ಹಾರಿದ್ರೆ ಸಾಕು ಯಾರಿಗೋ ಗುದ್ದಿಬಿಟ್ಟೆ ಅನ್ಸುತ್ತೆ, ವಾಪಸ್ ಹೋಗಿ ರೋಡ್ ನೋಡ್ತಾನೆ, ಬೆಂಗಳೂರಲ್ಲಿ ಹಂಪಿಗೇನು ಬರ. ಒಂದಿನ ಬಂದೋನೇ ಹೆಲ್ಮೆಟ್ಟೂ ತೆಗೀದೇ "ಹಂಪೇ ಅಲ್ವಾ ಅದು? ಹೌದು ಅಂತ ಒಂದ್ಸಲ ಹೇಳಿ" ಅಂದ. ಯಾರೂ ಹೇಳ್ಲಿಲ್ಲ. ಹಿರಿಯರೊಬ್ಬರು "ಇರಬಹುದು, ಇಲ್ದೇನೂ ಇರಬಹುದು, ಟೀ ಕುಡಿ" ಅಂದ್ರು. ಲೋಟ ಹಿಡಿದ ಕೈ ನಡುಗ್ತಿತ್ತು, ಮುಖ ಕೆಂಪಗಾಗಿತ್ತು, ಮೀಟಿಂಗ್ ಅರ್ಧ ಆಗೋ ಹೊತ್ತಿಗೆ ಇನ್ನೊಬ್ಬರ ಮಾತಿಗೆ ತಲೆ ಆಡಿಸ್ತಾ ಕೂತಿದ್ದ, ರೋಡ್ ನೋಡೋಕೆ ಹೋಗ್ಲಿಲ್ಲ. ಹೊರಗಿನೋರಿಗೆ ಕ್ರೂರ ಅನ್ಸಬಹುದು, ಆದ್ರೆ ಇಆರ್‌ಪಿ ಅಂತ ಡಾಕ್ಟರ್‌ಗಳು ಕರಿಯೋ ಥೆರಪಿ ಮಾಡಿಸೋದೂ ಇದನ್ನೇ: ಭಯದ ಎದುರು ನಿಂತ್ಕೋ, ಆದ್ರೆ ಚೆಕ್ ಮಾಡ್ಬೇಡ. 1966ರಲ್ಲಿ ಲಂಡನ್ನಿನ ವಿಕ್ಟರ್ ಮೇಯರ್ ಬರೆದ ಕೇಸ್‌ಗಳಿಂದ ಶುರುವಾಗಿದ್ದು. ಮನೇಲಿ ಅಮ್ಮ "ಇಲ್ಲ ಕಂದ, ಏನೂ ಆಗಿಲ್ಲ" ಅಂತಾಳೆ, ಪ್ರೀತಿಯಿಂದಾನೇ ಅನ್ನೋದು, ಅದು ಓಸಿಡಿಗೆ ಊಟ ಹಾಕಿದಂಗೆ.

ಹಾಗಾಗಿ ಸೇರೋಕೆ ಮುಂಚೆ ಒಂದು ಸಲ ಸುಮ್ನೆ ಕೂತು ಕೇಳಿ. ಎಲ್ಲರೂ ಒಬ್ಬರಿಗೊಬ್ಬರು "ಏನಾಗಲ್ಲ ಬಿಡಿ" ಅಂತ ಹೇಳ್ಕೊಂಡೇ ಟೈಮ್ ಕಳೀತಿದ್ರೆ, ಅಥವಾ ಮಾತ್ರೆ ನಿಲ್ಲಿಸಿ ಅನ್ನೋ ಮಹಾನುಭಾವ ಒಬ್ಬ ಇದ್ರೆ, ಎದ್ದು ಬನ್ನಿ. 1981ರಲ್ಲಿ ಫಿಲಡೆಲ್ಫಿಯಾದಲ್ಲಿ ಜೊನಾಥನ್ ಗ್ರೇಸನ್ ಮತ್ತೆ ಗೇಲ್ ಫ್ರಾಂಕೆಲ್ ಓಸಿಡಿ ಇರೋರಿಗಾಗಿ ಶುರು ಮಾಡಿದ ‘ಗೋಲ್’ ಅನ್ನೋ ಗುಂಪುಗಳ ಪದ್ಧತಿ ನಂಗಿಷ್ಟ, ಪ್ರತಿಯೊಬ್ಬರೂ ಮುಂದಿನ ಸಲಕ್ಕೆ ಒಂದು ಸಣ್ಣ ಕೆಲಸ ಒಪ್ಕೊಂಡು ಹೋಗ್ಬೇಕು. ಗ್ಯಾಸ್ ಒಂದೇ ಸಲ ನೋಡಿ ಬೀಗ ಹಾಕೋದು, ಅಷ್ಟಾದ್ರೂ ಸರಿ.

ಗುಂಪು ಡಾಕ್ಟರ್ ಬದಲಿಗೆ ಅಲ್ಲ. ಮಾತ್ರೆಗಳು ಕೆಲಸ ಮಾಡ್ತಾವಾ ಇಲ್ವಾ ಗೊತ್ತಾಗೋಕೆ ಎರಡು ಮೂರು ತಿಂಗಳು ಬೇಕು, ಡೋಸೂ ಸಾಮಾನ್ಯವಾಗಿ ಡಿಪ್ರೆಶನ್ನಿಗಿಂತ ಜಾಸ್ತಿ, ಅಷ್ಟರೊಳಗೆ ಬಿಟ್ಟುಬಿಡೋರೇ ತುಂಬಾ. ನಿಮ್ಹಾನ್ಸ್‌ನಲ್ಲಿ ಓಸಿಡಿಗೇ ಅಂತ ಕ್ಲಿನಿಕ್ ಇದೆ. ಎಲ್ಲಿಂದ ಶುರು ಮಾಡೋದು ಗೊತ್ತಿಲ್ದಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ಗುಂಪಿನ ವಿಷಯ ನಿಮ್ಮ ಡಾಕ್ಟರನ್ನೇ ಕೇಳಿ, ಅವ್ರಿಗೆ ಗೊತ್ತಿಲ್ಲ ಅಂದ್ರೆ ಅವ್ರ ಹತ್ರ ಬರೋ ಇನ್ನೊಬ್ಬರು ನಿಮ್ ಥರಾನೇ ಹುಡುಕ್ತಿರ್ತಾರೆ, ಒಪ್ಪಿದ್ರೆ ಪರಿಚಯ ಮಾಡ್ಸಿ ಅಂತ ಹೇಳಿಡಿ. ಇಬ್ಬರಿದ್ರೂ ಗುಂಪೇ. ಮನೆಯೋರನ್ನ ಕರ್ಕೊಂಡು ಬರಬಹುದಾ ಅಂತ ಕೇಳ್ತೀರಲ್ಲ, ಬರಬಹುದು, ಅಮ್ಮಂದಿರಿಗೆ "ಇರಬಹುದು, ಇಲ್ದೇನೂ ಇರಬಹುದು" ಅನ್ನೋದನ್ನ ಪ್ರಾಕ್ಟೀಸ್ ಮಾಡಿಸ್ತೀವಿ, ನಮಗಿಂತ ಅವ್ರಿಗೇ ಕಷ್ಟ ಆಗುತ್ತೆ.