‘ಅಧ್ಯಕ್ಷರನ್ನಾಗಿ’: ಎರಡನೆಯ ‘ಅನ್ನು’ ಎಲ್ಲಿಂದ ಬಂತು?

ಸಂಘಸಂಸ್ಥೆಗಳ ಚುನಾವಣೆಯ ಸುದ್ದಿಯಲ್ಲಿ ‘ಅವರನ್ನು ಅಧ್ಯಕ್ಷರನ್ನಾಗಿ ಆರಿಸಿದರು’ ಎಂಬ ವಾಕ್ಯವನ್ನು ಎಷ್ಟೋ ಸಲ ಓದಿದ್ದೇನೆ. ಆರಿಸಿದ್ದು ಒಬ್ಬರನ್ನೇ ಆದರೂ ದ್ವಿತೀಯಾ ವಿಭಕ್ತಿ ಎರಡು ಕಡೆ ಏಕಿದೆ ಎಂಬ ಪ್ರಶ್ನೆ ನನಗೆ ಹೊಳೆದದ್ದು ಇಂಗ್ಲಿಷಿನ ‘ಸ್ಮಾಲ್ ಕ್ಲಾಸ್’ (small clause, ಅಂದರೆ ಕಾಲಸೂಚಕ ಕ್ರಿಯಾಪದವಿಲ್ಲದ ವಾಕ್ಯದಂಥ ತುಣುಕು) ಕುರಿತ ವಾಗ್ವಾದವನ್ನು ಓದುವಾಗ. ಇಲ್ಲಿ ಅದನ್ನು ಕಿರುವಾಕ್ಯ ಎನ್ನುತ್ತೇನೆ; ಸ್ಮಾಲ್ ಕ್ಲಾಸ್ ಎಂದೇ ಬರೆದರೆ ಚಿಕ್ಕ ತರಗತಿ ಎಂದು ಓದಿಕೊಳ್ಳುವವರೇ ಹೆಚ್ಚು.

‘ಐ ಕನ್ಸಿಡರ್ ಹಿಮ್ ಫೂಲಿಶ್’ ಎಂಬಲ್ಲಿ ‘ಹಿಮ್’ ಎಂಬುದು ರೂಪದಲ್ಲಿ ಕರ್ಮ, ಅರ್ಥದಲ್ಲಿ ‘ಫೂಲಿಶ್’ ಎಂಬ ಆಖ್ಯಾತದ (ಕರ್ತೃವಿನ ಬಗ್ಗೆ ಏನನ್ನಾದರೂ ಹೇಳುವ ಪದದ) ಕರ್ತೃ. ಕಾಲಸೂಚಕ ಕ್ರಿಯಾಪದವಿಲ್ಲದೆಯೂ ಅವೆರಡರ ನಡುವೆ ಒಂದು ಹೇಳಿಕೆ ಅಡಗಿದೆ. ಇಂಥ ಸಂಬಂಧವನ್ನು ಡೆನ್ಮಾರ್ಕಿನ ಭಾಷಾವಿಜ್ಞಾನಿ ಯೆಸ್ಪರ್ಸನ್ 1924ರಲ್ಲೇ ‘ನೆಕ್ಸಸ್’ ಎಂದು ಗುರುತಿಸಿದ್ದರು. ಸ್ಮಾಲ್ ಕ್ಲಾಸ್ ಎಂಬ ಹೆಸರು ಭಾಷಾವಿಜ್ಞಾನಿ ಎಡ್ವಿನ್ ವಿಲಿಯಮ್ಸ್ ಅವರ 1975ರ ಲೇಖನದ್ದು. ಕರ್ತೃವೆಂಬುದು ಕ್ರಿಯಾಪದದ ಸೊತ್ತಲ್ಲ, ನಾಮಪದ ಗುಣವಾಚಕಗಳಿಗೂ ಅದು ಇರಬಲ್ಲದು, ಆದ್ದರಿಂದ ‘ಹಿಮ್ ಫೂಲಿಶ್’ ಎಂಬುದು ಒಂದೇ ಘಟಕ ಎಂದು 1980ರ ದಶಕದ ಮೊದಲಲ್ಲಿ ವಾದಿಸಿದವರು ಟಿಮ್ ಸ್ಟೋವೆಲ್. ಹಾಗಲ್ಲ, ಅವು ಬೇರೆಬೇರೆ ಘಟಕಗಳು ಎಂದು 1983ರಲ್ಲಿ ತಕರಾರು ತೆಗೆದವರು ಅದೇ ವಿಲಿಯಮ್ಸ್! ಮುಂದೆ ಜಾನ್ ಬವರ್ಸ್ 1993ರಲ್ಲಿಯೂ ಮಾರ್ಸೆಲ್ ಡೆನ್ ಡಿಕನ್ 2006ರಲ್ಲಿಯೂ ಕರ್ತೃವನ್ನೂ ಆಖ್ಯಾತವನ್ನೂ ಬೆಸೆಯುವ ಒಂದು ಕೊಂಡಿ ನಡುವೆ ಇದೆ ಎಂದು ಪ್ರತಿಪಾದಿಸಿದರು. ಇಂಗ್ಲಿಷಿನಲ್ಲಿ ಈ ಕೊಂಡಿ ಅನೇಕ ಕಡೆ ಕಿವಿಗೆ ಬೀಳುವುದಿಲ್ಲ.

ಕನ್ನಡದಲ್ಲಿ ಅದು ಕೇಳಿಸುತ್ತದೆ, ‘ಆಗಿ’ಯ ರೂಪದಲ್ಲಿ, ಎಂಬುದು ನನ್ನ ಅನಿಸಿಕೆ. ‘ಆಗಿ’ ಎಂಬುದು ‘ಆಗು’ ಧಾತುವಿನ ಕೃದಂತಾವ್ಯಯವಷ್ಟೇ (‘ಹೋಗಿ’, ‘ಮಾಡಿ’ಗಳಂತೆ ಧಾತುವಿನಿಂದ ಹುಟ್ಟಿದ ಅವ್ಯಯ) ಎಂದು ಯಾರಾದರೂ ಆಕ್ಷೇಪಿಸಬಹುದು. ಹುಟ್ಟಿನಿಂದ ಅದು ಹೌದು. ಆದರೆ ‘ಹೋಗಿ’ಗೆ ‘ಹೋಗದೆ’ ಎಂಬ ನಿಷೇಧರೂಪ ಸಹಜವಾಗಿ ಒದಗುವಂತೆ ಇಲ್ಲಿ ‘ಅಧ್ಯಕ್ಷರನ್ನಾಗದೆ ಆರಿಸಿದರು’ ಎನ್ನಲು ಬರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ‘ಆಗು’ ಅಕರ್ಮಕ ಧಾತು. ‘ಅವರು ಅಧ್ಯಕ್ಷರಾದರು’ ಎನ್ನುತ್ತೇವೆಯೇ ಹೊರತು ‘ಅಧ್ಯಕ್ಷರನ್ನಾದರು’ ಎನ್ನುವುದಿಲ್ಲ. ಹಾಗಾದರೆ ಎರಡನೆಯ ‘ಅನ್ನು’ ಕೊಟ್ಟದ್ದು ‘ಆಗು’ ಅಲ್ಲ. ಅದು ‘ಅವರನ್ನು’ ಎಂಬುದರಿಂದ ಹರಿದುಬಂದಿರಬೇಕು. ‘ಅವರನ್ನು ಅಧ್ಯಕ್ಷರನ್ನಾಗಿ ಆಯ್ಕೆ ಮಾಡಲಾಯಿತು’ ಎಂಬಲ್ಲಿ ಎರಡೂ ಕಡೆ ವಿಭಕ್ತಿ ಉಳಿದರೆ, ‘ಅವರು ಅಧ್ಯಕ್ಷರಾಗಿ ಆಯ್ಕೆಯಾದರು’ ಎಂಬಲ್ಲಿ ಎರಡೂ ಕಡೆ ಅಳಿಯುತ್ತದೆ. ‘ಅವರು ಅಧ್ಯಕ್ಷರನ್ನಾಗಿ ಆಯ್ಕೆಯಾದರು’ ಎಂಬುದು ಯಾವ ಕನ್ನಡಿಗರ ಕಿವಿಗೂ ಒಗ್ಗದು. ‘ಅವರನ್ನು ಅಧ್ಯಕ್ಷರಾಗಿ ಆರಿಸಿದರು’ ಎಂಬ ರೂಪವೂ ಬಳಕೆಯಲ್ಲಿದೆ, ನಿಜ. ಆದ್ದರಿಂದ ಎರಡೂ ಕಡೆ ಒಂದೇ ವಿಭಕ್ತಿ ಬರುವ ಈ ಹೊಂದಾಣಿಕೆ ಕಡ್ಡಾಯವಲ್ಲ. ಆದರೆ ಅದು ಬಂದಾಗ ಕಿರುವಾಕ್ಯದ ಕರ್ತೃವಿನ (ಇಲ್ಲಿ ‘ಅವರನ್ನು’ ಎಂಬುದರ) ವಿಭಕ್ತಿಯನ್ನು ಹಿಂಬಾಲಿಸಿಯೇ ಬರುತ್ತದೆ. ಇದರಿಂದ ಸ್ಟೋವೆಲ್ ವಾದವೇ ಗೆದ್ದಿತು ಎನ್ನಲಾರೆ, ಏಕೆಂದರೆ ದೂರದ ಎರಡು ಘಟಕಗಳ ನಡುವೆಯೂ ಹೊಂದಾಣಿಕೆ ಸಾಧ್ಯ. ಆದರೆ ‘ಆಗಿ’ ತಾನಾಗಿ ವಿಭಕ್ತಿ ಕೊಡದೆ ಎರಡನ್ನೂ ಬೆಸೆಯುವುದರಿಂದ ಕೊಂಡಿಯ ವಾದಕ್ಕಂತೂ ಬಲ ಬಂದಂತಾಯಿತು.

‘ಎಂದು’ ಬಂದಲ್ಲಿ ಕಥೆ ಬೇರೆ. ‘ಅವನನ್ನು ದಡ್ಡನೆಂದು ಭಾವಿಸಿದರು’ ಎನ್ನುತ್ತೇವೆ, ‘ದಡ್ಡನನ್ನೆಂದು’ ಎನ್ನುವುದಿಲ್ಲ. ‘ಅವನನ್ನು ತಮ್ಮವನಲ್ಲವೆಂದು ಭಾವಿಸಿದರು’ ಎಂದು ‘ಎಂದು’ವಿನ ಮೊದಲು ‘ಅಲ್ಲ’ವನ್ನು ತರಬಹುದು, ‘ಆಗಿ’ಯ ಮೊದಲು ತರಲಾಗದು. ‘ಅವನು ದಡ್ಡ’ ಎಂದು ಕ್ರಿಯಾಪದವಿಲ್ಲದೆಯೇ ಪೂರ್ಣವಾಕ್ಯ ನುಡಿಯುವ ಭಾಷೆಯಲ್ಲಿ ‘ಎಂದು’ವಿನ ಹಿಂದಿರುವುದು ಕಿರುವಾಕ್ಯವಲ್ಲ, ನಿಷೇಧವನ್ನೂ ಹೊರಬಲ್ಲ ಇಡೀ ವಾಕ್ಯ ಎಂದೇ ನಾನು ಲೆಕ್ಕಿಸುತ್ತೇನೆ.